ನಗು ಬರುವ ಜಾಗ

ಕಥೆಯನ್ನು ಎಲ್ಲಿ ನಿಲ್ಲಿಸಬೇಕು ಎನ್ನುವುದು ಎಮಿಲ್ ವೊಂಡ್ರಾನ ತಲೆಗಿಂತ ಅವನ ನಾಲಗೆಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತನಾಲ್ಕು ವರ್ಷದಿಂದ ಅದೇ ಕಥೆ, ಅದೇ ಜಾಗದಲ್ಲಿ ನಿಲುಗಡೆ, ಅದೇ ನಗು. ಗುರುವಾರ ಬೆಳಿಗ್ಗೆ ಕೆನ್ನೆಗೆ ಸೋಪಿನ ನೊರೆ ಬಳಿದುಕೊಂಡು, ಶನಿವಾರದ ಊಟಕ್ಕೆ ಅಭ್ಯಾಸವಾಗಲಿ ಎಂದು ಕನ್ನಡಿಯ ಮುಂದೆ ನಿಂತು, “ಗೆಲ್ಲೋರ ಕಡೆ ಕಣೋ, ನಡಿ ಒಳಗೆ” ಎಂದು ಹೇಳಿ ನಿಲ್ಲಿಸಿದ. ನಾಲಗೆ ತಾನಾಗಿ ಕಾಯಿತು. ನಲ್ಲಿಯಿಂದ ಒಂದು ಹನಿ ಬಿತ್ತು. ಕನ್ನಡಿಯೊಳಗಿನ ಎಪ್ಪತ್ತೊಂಬತ್ತರ ಮುದುಕ ನೊರೆಯ ಗಡ್ಡ ಹೊತ್ತು ಇವನನ್ನೇ ನೋಡುತ್ತಿದ್ದ, ನಗಲಿಲ್ಲ. ನಗದವನ ಮುಂದೆ ಕಥೆ ಹೇಳುವುದೆಂದರೆ ಬಟ್ಟೆಯಿಲ್ಲದೆ ಸಂತೆಗೆ ಹೋದ ಹಾಗೆ ಎಂದು ಎಮಿಲ್‌ಗೆ ಅನ್ನಿಸಿತು. ಬ್ಲೇಡು ಗದ್ದದ ಕೆಳಗೆ ಸಣ್ಣಗೆ ಕೊಯ್ದಿತು. ಕಾಗದದ ಚೂರು ಹರಿದು ಅಂಟಿಸಿಕೊಂಡ. ಶನಿವಾರ ಕಾಲೇಜಿನ ಮೈದಾನಕ್ಕೆ ಅವನ ಹೆಸರಿಡುವವರಿದ್ದರು. ಮೂವತ್ತೊಂದು ವರ್ಷ ಆ ಮೈದಾನದ ಗೆರೆಯಾಚೆ ಸೀಟಿ ಕಚ್ಚಿಕೊಂಡು ನಿಂತವನಿಗೆ ಅಷ್ಟು ಸಲ್ಲಬೇಕು ಎಂದು ಊರೇ ಹೇಳುತ್ತಿತ್ತು. ಕಾಲೇಜಿನ ಪತ್ರದ ಕೊನೆಯಲ್ಲಿ, ‘ಆ ಕಥೆ ಇರಲಿ, ಕೋಚ್’ ಎಂದಿತ್ತು. ಯಾವ ಕಥೆ ಎಂದು ಬರೆದಿರಲಿಲ್ಲ. ಬರೆಯುವ ಅಗತ್ಯ ಡೊಬ್ರಾದಲ್ಲಿ ಯಾರಿಗೂ ಇರಲಿಲ್ಲ.

ಕಥೆ ಇಷ್ಟು. ಎಪ್ಪತ್ತೆಂಟನೇ ಇಸವಿ, ಅಕ್ಟೋಬರ್. ಡ್ವೈಟ್ ಸೆಡ್ಲಾಕ್ ಎಂಬ ಹುಡುಗ. ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಚೆಂಡನ್ನು ಕಂಕುಳಲ್ಲಿ ಅವಚಿಕೊಂಡು ಎದುರಾಳಿಗಳ ಸಾಲು ಸೀಳಿ ಓಡುವುದು ಅವನ ಕೆಲಸ. ಆವತ್ತು ಇಬ್ಬರು ಧಡಿಯರ ನಡುವೆ ಸಿಕ್ಕಿ, ಬೀಸುಕಲ್ಲಿಗೆ ಸಿಕ್ಕ ಜೋಳದಂತಾಗಿ, ಎದ್ದು, ಮೈಕೊಡವಿ, ನೆಟ್ಟಗೆ ನಡೆದುಹೋಗಿ ಎದುರಾಳಿಗಳ ಬೆಂಚಿನ ಮೇಲೆ ಕೂತ. ಅವರ ನೀರು ಕುಡಿದ. ಅವರ ಟವೆಲಿನಲ್ಲಿ ಮುಖ ಒರೆಸಿಕೊಂಡ. ಅವರ ಕೋಚ್ ಇವನ ಕತ್ತುಪಟ್ಟಿ ಹಿಡಿದು ಮೈದಾನ ದಾಟಿಸಿ ತಂದು, “ತಗೊಳ್ರೀ ವೊಂಡ್ರಾ, ನಿಮ್ಮ ಕರು ನಮ್ಮ ಕೊಟ್ಟಿಗೆಗೆ ಬಂದಿತ್ತು” ಎಂದು ಒಪ್ಪಿಸಿದ. ಎಮಿಲ್ ಬೆರಳೆತ್ತಿ, “ಎಷ್ಟೋ?” ಎಂದ. “ಎರಡು.” “ಸರಿಯಾಗಿದೀಯ.” ಹೆಲ್ಮೆಟ್ಟು ತಲೆಗೇರಿಸುತ್ತಾ ಹುಡುಗ ಕೇಳಿದ, “ಕೋಚ್, ನಾನು ಯಾರ ಕಡೆ?” “ಗೆಲ್ಲೋರ ಕಡೆ ಕಣೋ, ನಡಿ ಒಳಗೆ.” ಇಲ್ಲಿ ನಿಲುಗಡೆ. ಇಲ್ಲಿ ಮೇಜಿನ ಮೇಲಿನ ಬಿಯರ್ ಲೋಟಗಳು ಅಲುಗುತ್ತಿದ್ದವು, ಪಾದ್ರಿಗಳು ಕಣ್ಣೊರೆಸಿಕೊಳ್ಳುತ್ತಿದ್ದರು. ನಗು ಇಳಿಯುವ ಹೊತ್ತಿಗೆ ಡ್ವೈಟ್ ಚೆಂಡು ಹಿಡಿದು ಓಡುತ್ತಿದ್ದ: ಮೊದಮೊದಲು ನಲವತ್ತು ಗಜ, ಆಮೇಲೆ ಅರವತ್ತು, ಎಂಬತ್ತು, ಒಂದು ವರ್ಷ ಗೆರೆ ದಾಟಿ, ಬ್ಯಾಂಡಿನವರ ದೊಡ್ಡ ಡೋಲು ಹರಿದು, ಬೇಲಿ ಹಾರಿ, ಪಕ್ಕದ ಹೊಲದ ಜೋಳವನ್ನೆಲ್ಲ ಕಟಾವು ಮಾಡಿಕೊಂಡು ಹೋದವನನ್ನು ಟ್ರ್ಯಾಕ್ಟರಿನಲ್ಲಿ ವಾಪಸು ತರಬೇಕಾಯಿತು. ಆ ಊಟಗಳಿಗೆಲ್ಲ ಡ್ವೈಟ್ ತಪ್ಪದೆ ಬರುತ್ತಿದ್ದ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಕುರ್ಚಿ ಹಿಂದಕ್ಕೆ ವಾಲುವ ಹಾಗೆ ನಗುವವನು ಅವನೇ. ಅವನಿಗೆ ಆ ಆಟದ ಒಂದು ಚೂರೂ ನೆನಪಿರಲಿಲ್ಲ. ಎಲ್ಲರೂ ಕೇಳಿ ತಿಳಿದುಕೊಂಡ ಹಾಗೆ ಅವನೂ ಕೇಳಿಯೇ ತಿಳಿದುಕೊಂಡಿದ್ದ.

ಬೇಕರಿಗೆ ಹೋಗುವ ದಾರಿ ಮೈದಾನದ ಪಕ್ಕದಲ್ಲೇ. ಬಾಗಿಲಿನ ಮೇಲೆ ಹೊಸ ಫಲಕ ಏರಿಸಿ, ಶನಿವಾರದ ತನಕ ಯಾರೂ ನೋಡಬಾರದೆಂದು ನೀಲಿ ತಾಡಪತ್ರಿ ಹೊದಿಸಿದ್ದರು. ನೆಬ್ರಾಸ್ಕಾದ ಗಾಳಿಗೆ ಗುಟ್ಟು ಕಾಯುವ ಅಭ್ಯಾಸವಿಲ್ಲ. ತಾಡಪತ್ರಿಯ ಮೂಲೆ ಎದ್ದು ಅವನ ಹೆಸರಿನ ಕೊನೆಯ ಅಕ್ಷರವನ್ನು ತೋರಿಸಿತು, ಮುಚ್ಚಿತು, ಮತ್ತೆ ತೋರಿಸಿತು. ಒಳಗೆ ಈಗಿನ ಕೋಚ್‌ನ ಹುಡುಗರು ಬೆಳಗಿನ ಅಭ್ಯಾಸದಲ್ಲಿದ್ದರು. ಹೆಲ್ಮೆಟ್ಟಿಗೆ ಹೆಲ್ಮೆಟ್ಟು ತಾಗುವ ಸದ್ದು ಬೇಲಿಯಾಚೆಗೂ ಬರುತ್ತಿತ್ತು. ಆ ಸದ್ದಿನ ಮೇಲೆ ಅವನು ಇಡೀ ಆಯುಷ್ಯ ಕಟ್ಟಿದ್ದ. ಕಿವಿಯಿಂದಲೇ ಗುರುತಿಸುತ್ತಿದ್ದ: ಇದು ಭುಜ, ಇದು ಎದೆ, ಇದು ತಲೆ. ತಲೆಯ ಸದ್ದಿಗೆ ಒಳಗೊಂದು ಟೊಳ್ಳು ಇರುತ್ತದೆ, ಕುಂಬಳಕಾಯಿಗೆ ಬೆರಳು ಮಡಿಸಿ ಬಡಿದಂತೆ. ಅಂಥ ಸದ್ದಿನ ನಂತರ ಹುಡುಗ ಈಚೆ ಬಂದರೆ, ತಲೆ ನೆಟ್ಟಗಿದೆಯೇ ಎಂದು ನೋಡಲು, ಎರಡು ಬೆರಳು. ಅವನ ಕೋಚ್ ಅವನಿಗೆ ತೋರಿಸಿದ್ದೂ ಎರಡೇ, ಆ ಕೋಚ್‌ನ ಕೋಚ್ ತೋರಿಸಿದ್ದೂ ಎರಡೇ ಇರಬೇಕು. ಹೊಸದಾಗಿ ಸೇರಿದ ಹುಡುಗರಿಗೆ ದೊಡ್ಡ ಹುಡುಗರು ಮೊದಲ ದಿನವೇ, ಬೂಟಿನ ಲಾಡಿ ಕಟ್ಟಿಕೊಳ್ಳುವ ಕೋಣೆಯಲ್ಲಿ, ಹೇಳಿಕೊಡುತ್ತಿದ್ದರು: ‘ಏನ್ ಕಂಡ್ರೂ ಬಿಟ್ರೂ ಎರಡು ಅನ್ನು. ಇಲ್ದಿದ್ರೆ ಬೆಂಚೇ ಗತಿ.’ ಒಮ್ಮೆ ಬಾಗಿಲ ಹೊರಗೆ ನಿಂತು ಎಮಿಲ್ ಅದನ್ನು ಕೇಳಿಸಿಕೊಂಡಿದ್ದ. ಕೆಮ್ಮಿ ಒಳಗೆ ಹೋದ. ಮಾರನೆಯ ಶನಿವಾರವೂ ಎರಡೇ ಬೆರಳು ಎತ್ತಿದ.

ಬೇಕರಿಯ ಉದ್ದ ಮೇಜಿನಲ್ಲಿ ಕಸಾಯಿ ಅಂಗಡಿ ಮುಚ್ಚಿ ಕೂತ ಮೈಲೊ, ಕ್ಷೌರದ ಕತ್ತರಿ ಬಿಟ್ಟು ಕೂತ ಹಾರ್ಲನ್, ಇಬ್ಬರೂ ಆಗಲೇ ಗಸಗಸೆ ತುಂಬಿದ ಕೊಲಾಚೆ ಬನ್ನು ಮುರಿಯುತ್ತಿದ್ದರು.

“ಬಾರಯ್ಯ ಮೈದಾನ” ಎಂದ ಮೈಲೊ. “ಇನ್ಮೇಲೆ ನಿನ್ನ ಮೇಲೆ ಹುಲ್ಲು ಬೆಳೆಸ್ತಾರಂತೆ.”

“ನಿನ್ನ ತಲೆ ಮೇಲೆ ಬೆಳೀದಿದ್ದು ನನ್ನ ಮೇಲಾದ್ರೂ ಬೆಳೀಲಿ ಬಿಡು.”

“ಗದ್ದದ ಕೆಳಗೇನದು ಕಾಗದ? ನಾನು ಅಂಗಡಿ ಮುಚ್ಚಿದ್ ಮೇಲೆ ಈ ಊರಲ್ಲಿ ಒಂದು ಮುಖಾನೂ ಸರಿಯಾಗಿಲ್ಲ ನೋಡು” ಎಂದ ಹಾರ್ಲನ್. “ಅದಿರ್ಲಿ, ಈ ಸಲ ಡ್ವೈಟನ್ನ ಎಷ್ಟು ದೂರ ಓಡಿಸ್ತೀಯ?”

“ಕಾನ್ಸಾಸ್ ಗಡಿ ದಾಟಿಸ್ತೀನಿ. ಸುಂಕದೋರು ಹಿಡ್ಕೊಂಡು, ಈ ಚೆಂಡು ಯಾರದ್ದು ಅಂತ ಕೇಳ್ತಾರೆ.”

ಮೈಲೊ ಮೇಜು ಬಡಿದು ನಕ್ಕ. ನಗು ಹೊಟ್ಟೆಗೆ ಬಿಸಿ ಕಾಫಿಯ ಹಾಗೆ ಇಳಿಯಿತು. ಬೆಳಗಿನ ಕನ್ನಡಿ ಮರೆತೇಹೋಯಿತು. ಅಷ್ಟರಲ್ಲಿ ಬಾಗಿಲಿನ ಗಂಟೆ ಅಲುಗಿ ಮಾರ್ಲಿಸ್ ಒಳಗೆ ಬಂದಳು, ಡ್ವೈಟ್ ಸೆಡ್ಲಾಕ್‌ನ ಹೆಂಡತಿ. ಶಾಲೆಯ ಅಡುಗೆಮನೆಗೆ ಹೋಗುವ ಮುಂಚೆ ಬಂದಿದ್ದಳು. ಕೋಟಿನ ಕೆಳಗೆ ಬಿಳಿ ಏಪ್ರನ್ನು, ಕೂದಲಿಗೆ ಬಲೆ. ಅವಳು ಜರ್ದಾಳು ಹಣ್ಣಿನ ನಾಲ್ಕು ಕೊಲಾಚೆ ಕಟ್ಟಿಸಿಕೊಂಡಳು. ಗಂಡ ಆ ಹಣ್ಣಿನದ್ದೊಂದನ್ನೇ ಇನ್ನೂ ಬಾಯಿಗೆ ತಗೊಳ್ಳುತ್ತಾನೆ ಎಂದು ಊರಿಗೆಲ್ಲ ಗೊತ್ತು. ಪೊಟ್ಟಣ ಎದೆಗೊತ್ತಿಕೊಂಡು ಬಾಗಿಲ ತನಕ ಹೋದವಳು ತಿರುಗಿ ಬಂದು ಮೇಜಿನ ಹತ್ತಿರ ನಿಂತಳು.

“ಕೋಚ್, ಒಂದ್ ಮಾತು ಕೇಳ್ಬೇಕಿತ್ತು. ಇಲ್ಲೇ ಕೇಳ್ಬಿಡ್ತೀನಿ. ನಿಮ್ಮನೆ ಬಾಗಿಲಿಗೆ ಎರಡು ಸಲ ಬಂದೆ, ಧೈರ್ಯ ಸಾಲ್ದೆ ಹೋದೆ.”

“ಕೇಳಮ್ಮ, ಕೂತ್ಕೋ.”

“ಕೂರಕ್ಕೆ ಹೊತ್ತಿಲ್ಲ. ನೀವು ಹೇಳ್ತೀರಲ್ಲ ಆ ಕಥೆ. ಅವರ ಬೆಂಚ್ ಮೇಲೆ ಹೋಗಿ ಕೂತಿದ್ದು, ಯಾರ ಕಡೆ ಅಂತ ಕೇಳಿದ್ದು. ಅದು ನಿಜಾನಾ?”

ಹಾರ್ಲನ್ ಕಾಫಿಯೊಳಗೆ ಏನೋ ಬಿದ್ದವನಂತೆ ಲೋಟ ನೋಡತೊಡಗಿದ.

“ನಮ್ಮ ಹುಡುಗಿ ಜೊಲೀನ್ ಐದು ತಿಂಗಳ ಬಸುರಿ” ಎಂದಳು ಮಾರ್ಲಿಸ್. “ಇವನ ಈ ಮರೆವು ಮನೆತನದಿಂದ ಬಂದಿದ್ದಾ, ತಲೆಗೆ ಏಟು ಬಿದ್ದು ಬಂದಿದ್ದಾ ಅಂತ ಡಾಕ್ಟ್ರು ಕೇಳ್ತಾರೆ. ಒಂದು ಏಟಿಂದ ಪೂರ್ತಿ ಹೇಳಕ್ಕಾಗಲ್ಲ, ಆದ್ರೂ ತಿಳ್ಕೊಂಡು ಬನ್ನಿ ಅಂದ್ರು. ಮಾವನೋರು ಕೊನೆಗೆ ಇಲ್ಲದ ಹಸುಗಳನ್ನ ಹೆಸರಿಟ್ಟು ಕರೀತಿದ್ರು, ಗೊತ್ತಲ್ಲ. ಆದ್ರೆ ಅವರಿಗೆ ಎಂಬತ್ತಾರು. ಇವನಿಗೆ ಐವತ್ತೈದು. ಊರೋರೆಲ್ಲ ಸೆಡ್ಲಾಕ್ ರಕ್ತ, ಸೆಡ್ಲಾಕ್ ರಕ್ತ ಅಂತಾರೆ. ಆ ಹುಡುಗಿ ಹೊತ್ತುಗೊತ್ತಿಲ್ದೆ ಹೊಟ್ಟೆ ಮೇಲೆ ಕೈ ಇಟ್ಕೊಂಡು ಕೂತಿರ್ತಾಳೆ. ಇವನನ್ನ ಕೇಳೋಣ ಅಂದ್ರೆ ಈಸ್ಟರ್‌ನಿಂದ ಮಾತೇ ಇಲ್ಲ.”

ಆಗ ಹೇಳಬಹುದಿತ್ತು. ಒಂದು ತಲೆಯಾಡಿಸುವಿಕೆ ಸಾಕಿತ್ತು, ಮಾತೂ ಬೇಕಿರಲಿಲ್ಲ. ಎಮಿಲ್‌ಗೆ ಕಂಡದ್ದು ಮಾರ್ಲಿಸ್‌ಳ ಮುಖವಲ್ಲ, ಗಾಳಿಗೆ ಏಳುತ್ತಿದ್ದ ನೀಲಿ ತಾಡಪತ್ರಿ.

“ಅಯ್ಯೋ ಮಾರ್ಲಿಸ್, ಅದು ಊಟ ಆದ್ಮೇಲೆ ಹೇಳೋ ಕಥೆ. ಉಪ್ಪು ಖಾರ ಹಾಕಿರ್ತೀನಿ.”

“ಉಪ್ಪು ಖಾರ ಗೊತ್ತು ಕೋಚ್. ನಾನೂ ಅಡುಗೆಯೋಳೇ. ಒಳಗೆ ಏನಿತ್ತು ಅಂತ ಕೇಳ್ತಿದೀನಿ.”

“ಏನೂ ಇರ್ಲಿಲ್ಲಮ್ಮ.”

“ಏನೂ?”

“ಬರೀ ಉಪ್ಪು ಖಾರ.”

“ಕೋಚ್ ಬಾಯಲ್ಲಿ ಯಾವತ್ತು ನಿಜ ಬಂದಿದೆ, ಮಾರ್ಲಿಸ್!” ಎಂದು ಮೈಲೊ ನಡುವೆ ಬಿದ್ದು ಕಾಪಾಡಿದ. ಹಾರ್ಲನ್ ನಕ್ಕ. ಬೇಕರಿಯ ಹೆಂಗಸೂ ನಕ್ಕಳು. ಮರ್ಯಾದೆಗೆಂದು ಮಾರ್ಲಿಸ್ ಕೂಡ ಒಂದಿಷ್ಟು ನಕ್ಕಳು, ಸಾಲ ಕೇಳಲು ಬಂದು ನೀರು ಕುಡಿದು ಹೋಗುವವರ ಹಾಗೆ. “ಹಾಗಾದ್ರೆ ರಕ್ತಾನೇ” ಎಂದಳು. ಯಾರಿಗೆಂದು ಹೇಳಿದ್ದಲ್ಲ. “ಇಷ್ಟು ವರ್ಷ ನಾವೂ ನಕ್ವಿ, ಬಿಡಿ.” ಗಂಟೆ ಅಲುಗಿತು. ಬಾಗಿಲು ಮುಚ್ಚಿದ ಮೇಲೂ ಗಂಟೆಯ ನಾಲಗೆ ಸ್ವಲ್ಪ ಹೊತ್ತು ಆಡುತ್ತಲೇ ಇತ್ತು. ಎಮಿಲ್ ಇಂಗು ತಿಂದ ಮಂಗನಂತೆ ಕೂತ. ತಟ್ಟೆಯಲ್ಲಿದ್ದ ಗಸಗಸೆಯ ಕಪ್ಪು ಕಾಳುಗಳನ್ನು ಬೆರಳ ತುದಿಗೆ ಅಂಟಿಸಿಕೊಂಡು ಒಂದೊಂದಾಗಿ ನೆಕ್ಕಿದ. ಇಡೀ ಜೀವಮಾನ ಅವನು ಕಥೆಯ ಸುತ್ತ ಸುಳ್ಳು ಹೆಣೆದಿದ್ದ, ಒಳಗಿನ ಒಂದು ಕಾಳು ನಿಜವನ್ನು ಯಾರೂ ಕಚ್ಚದಿರಲಿ ಎಂದು. ಈಗ ಆ ಕಾಳನ್ನೇ ಸುಳ್ಳು ಎಂದುಬಿಟ್ಟಿದ್ದ. ಅದೇನೂ ಕಷ್ಟವಾಗಲಿಲ್ಲ ಎನ್ನುವುದೇ ಅವನಿಗೆ ಭಯ ಹುಟ್ಟಿಸಿತು.

ಮನೆಗೆ ಬಂದವನು ಕೋಟು ಬಿಚ್ಚದೆ ಅಡುಗೆಮನೆಯಲ್ಲಿ ನಿಂತ. ಇದೇ ಮೇಜು. ಅವನು ಕೋಚ್ ಆಗಿದ್ದ ಕಾಲದಲ್ಲಿ ಭಾನುವಾರ ಪೂಜೆ ಮುಗಿಸಿ ಬಂದು ಹೆಂಡತಿ ಲಿಡಿಯಾ ಪರದೆ ಎಳೆಯುತ್ತಿದ್ದಳು, ಅವನು ಫ್ರಿಜ್ಜಿನ ಬಿಳಿ ಬಾಗಿಲ ಮೇಲೆ ಹಿಂದಿನ ದಿನದ ಆಟದ ಫಿಲ್ಮು ಓಡಿಸುತ್ತಿದ್ದ. ಒಂದೊಂದು ಓಟಕ್ಕೂ ಪ್ರತಿ ಹುಡುಗನ ಹೆಸರಿನ ಮುಂದೆ ಒಂದು ಗುರುತು: ಮಾಡಬೇಕಾದ್ದು ಮಾಡಿದ್ದರೆ ಕೂಡಿಸುವುದು, ಇಲ್ಲದಿದ್ದರೆ ಕಳೆಯುವುದು. ಮಧ್ಯಾಹ್ನದೊಳಗೆ ಆ ಫಿಲ್ಮನ್ನು ಡಬ್ಬಿಗೆ ಹಾಕಿಕೊಂಡು ಅರವತ್ತು ಮೈಲಿ ಕಾರೋಡಿಸಿ, ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಮುಂದಿನ ವಾರದ ಎದುರಾಳಿ ಕೋಚ್‌ಗೆ ಕೊಡಬೇಕು. ಅವನದ್ದನ್ನು ಇವನು ತರಬೇಕು. ಅದು ಕೋಚ್‌ಗಳ ನಡುವಿನ ಧರ್ಮ. ಕಾನೂನಿಲ್ಲ, ರುಜುವಿಲ್ಲ, ಆದರೆ ಫಿಲ್ಮು ಪೂರ್ತಿ ಇರಬೇಕು, ಒಂದು ಅಂಗುಲವೂ ಕತ್ತರಿಸಿರಬಾರದು. ಹೆಂಡತಿಗೆ ಮೋಸ ಮಾಡಿದವನನ್ನು ಆ ಬಂಕಿನಲ್ಲಿ ಕಾಫಿಗೆ ಕರೆಯುತ್ತಿದ್ದರು, ಫಿಲ್ಮು ಕತ್ತರಿಸಿದವನನ್ನು ಕರೆಯುತ್ತಿರಲಿಲ್ಲ. ಎಪ್ಪತ್ತೆಂಟರ ಆ ಭಾನುವಾರ ಫ್ರಿಜ್ಜಿನ ಬಾಗಿಲ ಮೇಲೆ ಡ್ವೈಟ್ ಮೈದಾನಕ್ಕೆ ಮರಳಿ ಬಂದ. ಬಂದವನು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತ, ತನ್ನವರಿಗೇ ಮುಖ ಮಾಡಿ, ಮೊಣಕಾಲು ಬಾಗಿಸಿ, ಸಿದ್ಧನಾಗಿ. ತಂಡದ ಒಬ್ಬ ದಪ್ಪ ಹುಡುಗ ಬಂದು ಅವನ ಎರಡೂ ಭುಜ ಹಿಡಿದು, ಕಣ್ಣು ಕಾಣದ ಕರುವನ್ನು ತಿರುಗಿಸುವ ಹಾಗೆ, ನಿಧಾನಕ್ಕೆ ತಿರುಗಿಸಿ, ನಡೆಸಿಕೊಂಡು ಹೋಗಿ ಅವನ ಜಾಗದಲ್ಲಿ ನಿಲ್ಲಿಸಿದ. ಆಮೇಲೆ ಚೆಂಡು. ಆಮೇಲೆ ಓಟ: ಹನ್ನೊಂದು ಗಜ. ಗೆರೆಯಾಚೆ ಬಿದ್ದು ಅವನು ಹೆಲ್ಮೆಟ್ಟಿನ ಸರಳುಗಳ ಸಂದಿಯಿಂದ ವಾಂತಿ ಮಾಡಿಕೊಂಡದ್ದು ಯಾವ ಕಥೆಯಲ್ಲೂ ಬರಲಿಲ್ಲ.

“ಅವನನ್ನ ಯಾಕೆ ಕಳಿಸಿದ್ರಿ?” ಎಂದಳು ಲಿಡಿಯಾ, ಕತ್ತಲಲ್ಲಿ.

“ಬೆರಳು ಸರಿಯಾಗಿ ಎಣಿಸಿದ.”

ಮುಂದಿನ ವಾರದವರು ಇದನ್ನು ನೋಡಿದರೆ ಡ್ವೈಟನ ತಲೆಗೇ ಗುರಿಯಿಡುತ್ತಾರೆ, ಹುಡುಗನ ಒಳ್ಳೆಯದಕ್ಕೇ ಇದು ಎಂದು ಎಮಿಲ್ ಕತ್ತರಿ ಕೇಳಿದ. ಅವಳು ಹೊಲಿಗೆಯ ಪೆಟ್ಟಿಗೆಯಿಂದ ಕತ್ತರಿ ತಂದು ಕೊಟ್ಟಳು. ಹನ್ನೊಂದು ಸೆಕೆಂಡು. ಆ ತುಂಡನ್ನು ಗಂಟಲು ಗುಳಿಗೆಯ ತಗಡಿನ ಡಬ್ಬಿಯಲ್ಲಿ ಸುರುಳಿ ಮಾಡಿಟ್ಟು, ಉಳಿದದ್ದನ್ನು ಅಂಟಿಸಿ, ಡ್ವೈಟನ ಹೆಸರಿನ ಮುಂದೆ ಕೂಡಿಸುವ ಗುರುತು ಹಾಕಿದ. ಹುಡುಗನ ಒಳ್ಳೆಯದೇ ಮನಸ್ಸಿನಲ್ಲಿದ್ದಿದ್ದರೆ ಮುಂದಿನ ಶನಿವಾರ ಅವನನ್ನು ಬೆಂಚಿನ ಮೇಲೆ ಕೂರಿಸಬಹುದಿತ್ತು. ಆ ಯೋಚನೆ ಬರಲಿಲ್ಲವೆಂದಲ್ಲ, ಬಂತು, ಬಾಗಿಲ ಹತ್ತಿರ ನಿಂತಿತ್ತು, ಒಳಗೆ ಕರೆಯಲಿಲ್ಲ. ಬುಧವಾರ ಆಚೆಯ ಕೋಚ್ ಫೋನು ಮಾಡಿ, “ವೊಂಡ್ರಾ, ನಿಮ್ಮ ಫಿಲ್ಮು ಒಂದ್ಕಡೆ ಬಿಕ್ಕಳಿಸುತ್ತೆ” ಎಂದಾಗ, “ಪ್ರೊಜೆಕ್ಟರ್ ತಿಂದ್‌ಹಾಕ್ತು ಮಾರಾಯ” ಎಂದ. ಆ ವರ್ಷ ಡ್ವೈಟ್ ಇನ್ನೂ ಐದು ಆಟ ಆಡಿದ. ಆ ವರ್ಷದಿಂದ ಲಿಡಿಯಾ ಊಟದ ಸಭೆಗಳಿಗೆ ಬರುವುದನ್ನು ಬಿಟ್ಟಳು. ಮಂಡಿನೋವು ಎಂದಳು. ಆಗ ಅವಳಿಗೆ ನಲವತ್ತೊಂದು. ಸಾಯುವ ತನಕ ಆ ಮಂಡಿಯನ್ನು ಯಾವ ವೈದ್ಯನಿಗೂ ತೋರಿಸಲಿಲ್ಲ, ಕತ್ತರಿಯನ್ನು ಮತ್ತೆ ಹೊಲಿಗೆ ಪೆಟ್ಟಿಗೆಗೂ ಸೇರಿಸಲಿಲ್ಲ. ಅದು ಸಾಮಾನಿನ ಖಾನೆಯಲ್ಲಿ ಸುತ್ತಿಗೆ, ಇಕ್ಕಳದ ಜೊತೆ ಬಿದ್ದಿತ್ತು, ಈಗಲೂ ಅಲ್ಲೇ ಇದೆ. ಡಬ್ಬಿಯೂ ಅಲ್ಲೇ.

ಒಂದು ಸಲ ಮಾತ್ರ ಕಥೆ ಸೋತಿತ್ತು. ದೊಡ್ಡ ವಿಶ್ವವಿದ್ಯಾಲಯವೊಂದು ಕೋಚ್ ಕೆಲಸಕ್ಕೆ ಅವನನ್ನು ಕರೆಸಿತ್ತು. ಎಂಬತ್ತೈದನೇ ಇಸವಿ, ಜನವರಿ. ಹೊಸ ಸೂಟು, ಹೊಸ ಬೂಟು, ಕಾಲುಗಳಿಗೆ ಬೊಬ್ಬೆ. ಉದ್ದ ಮೇಜಿನ ಸುತ್ತ ಒಂಬತ್ತು ಜನ. ಅವನು ಕಥೆ ಹೇಳಿದ. ಎಂಟು ಜನ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಕನ್ನಡಕದ ಒಬ್ಬ ತೆಳ್ಳನೆಯವನು, ಏನು ಕಲಿಸುತ್ತಿದ್ದನೋ, ನಗಲಿಲ್ಲ, ಪೆನ್ನು ಕೆಳಗಿಟ್ಟು, “ಆಮೇಲೆ ಆ ಹುಡುಗ ಏನಾದ?” ಎಂದ. “ಟ್ರ್ಯಾಕ್ಟರ್ ಮಾರ್ತಾನೆ. ಗುಂಡುಕಲ್ಲಿನ ಹಾಗಿದಾನೆ” ಎಂದ ಎಮಿಲ್. ಅದು ಆಗ ನಿಜವೂ ಆಗಿತ್ತು. ಕೆಲಸ ಬೇರೆಯವನಿಗೆ ಹೋಯಿತು. ಆ ತೆಳ್ಳನೆಯವನನ್ನು ಎಮಿಲ್ ಎಷ್ಟೋ ವರ್ಷ ದ್ವೇಷಿಸಿದ. ಡೊಬ್ರಾದಲ್ಲೇ ಉಳಿದುಹೋದದ್ದಕ್ಕೆ, ಕೋಚ್ ಕೆಲಸದ ಕರೆ ಬರುವ ಜನವರಿಗಳಲ್ಲಿ ಫೋನಿನ ಪಕ್ಕ ಕೂತದ್ದಕ್ಕೆ, ಎಲ್ಲದಕ್ಕೂ ಅವನೇ ಕಾರಣ ಎಂದುಕೊಂಡ. ಆಮೇಲಾಮೇಲೆ, ಡ್ವೈಟ್ ಗಿರಾಕಿಗಳ ಹೆಸರು ಮರೆತ, ಅಂಗಡಿಯ ದಾರಿ ಮರೆತ, ಒಂದು ದಿನ ಹೆಂಡತಿಯನ್ನು ಕಳ್ಳಿ ಎಂದು ಮನೆಯಿಂದ ಹೊರಗೆ ಹಾಕಿ ಚಿಲಕ ಹಾಕಿಕೊಂಡ ಎಂಬ ಸುದ್ದಿಗಳು ಒಂದೊಂದೇ ಬೇಕರಿಯ ಮೇಜಿಗೆ ಬಂದವು. ಪ್ರತಿ ಸುದ್ದಿಗೂ ಎಮಿಲ್‌ನ ಕಿವಿಯಲ್ಲಿ ಪೆನ್ನು ಕೆಳಗಿಡುವ ಸಣ್ಣ ಸದ್ದಾಗುತ್ತಿತ್ತು. ಆಮೇಲೆ ಆ ಹುಡುಗ ಏನಾದ?

ಡಬ್ಬಿ ಜೇಬಿಗೆ ಹಾಕಿಕೊಂಡು ಹೊರಟಾಗ ಮಧ್ಯಾಹ್ನ ಎರಡು. ಡ್ವೈಟನ ಮನೆಯವರಿಗೆ ಕೊಟ್ಟು ಬಂದುಬಿಡುವುದು, ಅಷ್ಟೆ, ಎಂದು ತನಗೆ ತಾನೇ ಹೇಳಿಕೊಂಡ. ಯಾರೂ ಇಲ್ಲದಿದ್ದರೆ ಮೇಜಿನ ಮೇಲಿಟ್ಟು ಬರುವುದು. ಏನಿದು ಎಂದು ಯಾರಿಗೂ ತಿಳಿಯದಿದ್ದರೆ ಅದು ತನ್ನ ತಪ್ಪಲ್ಲ. ಹೀಗೆ ಯೋಚಿಸುತ್ತಾ, ಇದು ಕೂಡ ಎರಡು ಬೆರಳೆತ್ತಿದ ಹಾಗೇ ಅಲ್ಲವೇ ಎನ್ನಿಸಿ, ಕಾಳಿನ ಗೋದಾಮಿನ ನೆರಳಲ್ಲಿ ಸ್ವಲ್ಪ ಹೊತ್ತು ನಿಂತ. ಗೋದಾಮಿನ ಹಿಂದೆಯೇ ಡ್ವೈಟನನ್ನು ಇಟ್ಟಿದ್ದ ಆರೈಕೆಮನೆ. ಒಳಗೆ ಬೇಯಿಸಿದ ಬಟಾಣಿಯ, ನೆಲ ಒರೆಸಿದ ಔಷಧಿಯ ವಾಸನೆ. ಡ್ವೈಟ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಅವನ ತಲೆಯ ಮೇಲೆ ಹೆಲ್ಮೆಟ್ಟು ಕಂಡು ಎಮಿಲ್‌ನ ಕಾಲು ಹೊಸ್ತಿಲಲ್ಲೇ ಕಚ್ಚಿಕೊಂಡಿತು. ಮೆತ್ತನೆಯ ನೀಲಿ ಸ್ಪಂಜಿನದ್ದು, ಗದ್ದದ ಕೆಳಗೆ ಪಟ್ಟಿ.

“ಬೀಳ್ತಾರೆ ಅಂತ ಹಾಕಿದಾರೆ” ಎಂದಳು ಪಕ್ಕದಲ್ಲಿ ಕೂತಿದ್ದ ಜೊಲೀನ್. ಅಪ್ಪನ ಅಗಲ ಹಣೆ, ಅಮ್ಮನ ಕಣ್ಣು. ಒಂದು ಕೈ ಹೊಟ್ಟೆಯ ಮೇಲೆ. “ಬನ್ನಿ ಕೋಚ್. ಅಪ್ಪ, ನೋಡು, ಯಾರು ಬಂದಿದಾರೆ.”

ಡ್ವೈಟ್ ನೋಡಲಿಲ್ಲ. ಕಿಟಕಿಯಾಚೆ ಏನೂ ಇರಲಿಲ್ಲ, ಕಟಾವಾದ ಹೊಲ, ಕೂಳೆ. ಎಮಿಲ್ ಎದುರಿನ ಸ್ಟೂಲಿನ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಬೇರೆ ಕಡೆ ಜಾಗವಿರಲಿಲ್ಲ. ಮಾರ್ಲಿಸ್ ಶಾಲೆಯಿಂದ ನೇರವಾಗಿ ಬಂದಳು, ಕೈಯಲ್ಲಿ ಬೆಳಗಿನ ಪೊಟ್ಟಣ. ಅವನನ್ನು ನೋಡಿ ಆಶ್ಚರ್ಯಪಟ್ಟರೂ ತೋರಿಸಲಿಲ್ಲ. “ಕೋಚ್‌ಗೂ ಒಂದು ಕೊಡೇ” ಎಂದು ಮಗಳಿಗೆ ಹೇಳಿದಳು. ಎಮಿಲ್ ಜೇಬಿನಲ್ಲಿ ಡಬ್ಬಿ ಹಿಡಿದುಕೊಂಡೇ, ಹವೆಯ ವಿಚಾರ ತೆಗೆದ. ಈ ಸಲ ಹಿಮ ಬೇಗ ಬೀಳುತ್ತೆ ಅಂತಾರೆ ಎಂದ. ಹೌದಂತೆ ಎಂದಳು ಮಾರ್ಲಿಸ್. ಹೋದ ಚಳಿಗಾಲದಲ್ಲಿ ತನ್ನ ಮಾತು ಬಾಯಿಂದ ಹೊರಬಿದ್ದು ಹೆಪ್ಪುಗಟ್ಟಿ, ಮಾರ್ಚಿನಲ್ಲಿ ಕರಗಿದಾಗ ನೆರೆಯವನಿಗೆ ಕೇಳಿಸಿತು ಎಂಬ ಹಳೆಯ ಸುಳ್ಳೊಂದು ನಾಲಗೆಯ ತುದಿಗೆ ಬಂತು, ಅದನ್ನು ಆರಂಭಿಸಿಯೂಬಿಟ್ಟ. ಆಗ ಡ್ವೈಟನ ಕೈ ಮೇಲೆದ್ದಿತು. ತೊಡೆಯ ಮೇಲಿಂದ, ಬಾವಿಯಿಂದ ಕೊಡ ಸೇದುವಷ್ಟು ನಿಧಾನವಾಗಿ ಎದ್ದು, ಎಮಿಲ್‌ನ ಮೂಗಿನ ಮುಂದೆ ನಿಂತಿತು.

“ಎಷ್ಟು?” ಎಂದ ಡ್ವೈಟ್.

“ಎರಡು” ಎಂದ ಎಮಿಲ್.

ಹೇಳಿದ ಮೇಲೆ ನೋಡಿದ. ಕೈ ಪೂರ್ತಿ ಬಿಚ್ಚಿತ್ತು. ಐದೂ ಬೆರಳು, ಒಂದರಿಂದೊಂದು ದೂರ, ನಡುಗುತ್ತಾ. ಡ್ವೈಟ್ ತೃಪ್ತಿಯಿಂದ ತಲೆಯಾಡಿಸಿದ. ಆ ಕೈಯಿಂದಲೇ ಎಮಿಲ್‌ನ ಬೋಳುತಲೆಯ ಮೇಲೆ, ಹೆಲ್ಮೆಟ್ಟಿನ ಮೇಲೆ ತಟ್ಟುವ ಹಾಗೆ, ಎರಡು ಸಲ ತಟ್ಟಿದ. “ಸರಿಯಾಗಿದೀಯ.” ಕೈ ಮತ್ತೆ ತೊಡೆಗೆ ಇಳಿಯಿತು. ಜೊಲೀನ್ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಆರು ತಿಂಗಳಲ್ಲಿ ಅಪ್ಪನ ಮೊದಲ ಮಾತು. ಮಾರ್ಲಿಸ್ ಮಾತ್ರ ಗಂಡನನ್ನು ನೋಡುತ್ತಿರಲಿಲ್ಲ.

“ಐದಿದ್ವು, ಕೋಚ್” ಎಂದಳು. “ಐದೂ ನಿಮ್ಮ ಮೂಗಿಗೆ ತಾಗೋ ಹಾಗಿದ್ವು. ಎರಡು ಅಂದ್ರಲ್ಲ, ಯಾಕೆ?”

ಉತ್ತರಗಳು ಹತ್ತು ಇದ್ದವು. ಕಣ್ಣು ಮಂಜು ಎನ್ನಬಹುದಿತ್ತು, ವಯಸ್ಸು ಎನ್ನಬಹುದಿತ್ತು, ಒಂದು ಹಾಸ್ಯ ಮಾಡಿ ಮೂವರನ್ನೂ ನಗಿಸಬಹುದಿತ್ತು. ತಲೆಯ ಮೇಲೆ ಡ್ವೈಟ್ ತಟ್ಟಿದ ಜಾಗ ಇನ್ನೂ ಬೆಚ್ಚಗಿತ್ತು.

“ಯಾವಾಗ್ಲೂ ಎರಡೇ, ಮಾರ್ಲಿಸ್.”

“ಏನು ಯಾವಾಗ್ಲೂ?”

“ನಾನು ಎತ್ತೋದು ಎರಡೇ ಬೆರಳು. ಎಲ್ಲಾರಿಗೂ ಗೊತ್ತಿತ್ತು. ಹುಡುಗರಿಗೆ ಗೊತ್ತಿತ್ತು. ಹುಡುಗರಿಗೆ ಗೊತ್ತು ಅನ್ನೋದು ನನಗೂ ಗೊತ್ತಿತ್ತು. ನೋಡೋ ಅಗತ್ಯ ಇರ್ಲಿಲ್ಲ. ಕಣ್ಣು ಕಾಣದೇ ಇದ್ರೂ ಎರಡು ಅಂತಿದ್ರು, ನಾನು ಒಳಗೆ ಕಳಿಸ್ತಿದ್ದೆ.” ಜೇಬಿನಿಂದ ಡಬ್ಬಿ ತೆಗೆದು ಜೊಲೀನ್‌ಳ ಕಡೆ ಚಾಚಿದ. “ಬೆಳಿಗ್ಗೆ ನಿಮ್ಮಮ್ಮನಿಗೆ ಸುಳ್ಳು ಹೇಳ್ದೆ ಕಣಮ್ಮ. ರಕ್ತದ ವಿಚಾರ ನನಗೆ ಗೊತ್ತಿಲ್ಲ, ಅದು ಡಾಕ್ಟ್ರು ಹೇಳ್ಬೇಕು. ಆದ್ರೆ ಏಟು ಬಿತ್ತು. ಬಿದ್ದಿದ್ದು ನನಗೆ ಗೊತ್ತಿತ್ತು. ಅವತ್ತೇ.”

ಡಬ್ಬಿಯ ಮುಚ್ಚಳ ತುಕ್ಕು ಹಿಡಿದಿತ್ತು. ಮಾರ್ಲಿಸ್ ಏಪ್ರನ್ನಿನ ತುದಿಯಿಂದ ಹಿಡಿದು ತಿರುಗಿಸಿ ತೆಗೆದಳು. ಜೊಲೀನ್ ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳುಗುರಿಗಿಂತ ಸಣ್ಣ ಚಿತ್ರಗಳು, ಒಂದರ ಕೆಳಗೊಂದು, ಒಂದೇ ಥರ ಕಾಣುವ ಮುನ್ನೂರು ನಿಂತ ಹುಡುಗರು. “ಇವರ್ಯಾಕೆ ಆ ಕಡೆ ತಿರುಗಿದಾರೆ?” ಎಂದಳು. ಸ್ವಲ್ಪ ಕೆಳಗೆ ಸರಿಸಿ, “ಇದ್ಯಾರು ಭುಜ ಹಿಡ್ಕೊಂಡಿರೋದು?” ಎಂದಳು.

“ಕಥೆ ಹೇಳಿ” ಎಂದಳು ಮಾರ್ಲಿಸ್. ಅವಳು ಕೂತಿರಲಿಲ್ಲ. “ಉಪ್ಪು ಖಾರ ಇಲ್ದೆ ಹೇಳಿ. ಶನಿವಾರ ಅಲ್ಲಿ ಏನ್ ಬೇಕಾದ್ರೂ ಹೇಳ್ಕೊಳ್ಳಿ. ಇಲ್ಲಿ ನನ್ನ ಮಗಳಿಗೆ ಇದ್ದಿದ್ದ ಇದ್ದ ಹಾಗೆ ಹೇಳಿ.”

ಅವನು ಹೇಳಿದ. ಇಬ್ಬರು ಧಡಿಯರು ಇರಲಿಲ್ಲ, ಒಬ್ಬನೇ, ಡ್ವೈಟನಷ್ಟೇ ಎತ್ತರದವನು. ಸದ್ದು ತಲೆಯದ್ದು ಎಂದು ತನಗೆ ಆಗಲೇ ತಿಳಿಯಿತು ಎಂದು ಹೇಳಿದ. ಅವರ ಬೆಂಚು, ಅವರ ನೀರು. ನೀರು ಕುಡಿಯಲಿಲ್ಲ, ಬಾಯಿಯ ಪಕ್ಕದಿಂದ ಎದೆಗೆ ಚೆಲ್ಲಿಕೊಂಡ. ಆಚೆಯ ಕೋಚ್ ತಮಾಷೆ ಮಾಡಲಿಲ್ಲ. ಕರು, ಕೊಟ್ಟಿಗೆ ಎಲ್ಲ ಆಮೇಲೆ ತಾನು ಸೇರಿಸಿದ್ದು. ಅವನು ಹೇಳಿದ್ದು, ‘ವೊಂಡ್ರಾ, ಈ ಹುಡುಗನನ್ನ ಕೂರಿಸಿ’ ಎಂದಷ್ಟೆ. ಎರಡು ಬೆರಳು. ಎರಡು. ಹೇಳುತ್ತಾ ಹೋದ ಹಾಗೆ ಅವನಿಗೆ ತನ್ನ ದನಿಯೇ ಪರಿಚಯವಿಲ್ಲದ್ದೆನಿಸಿತು. ಹಸಿದವರ ಮುಂದೆ ಖಾಲಿ ಪಾತ್ರೆಯ ತಳ ಕೆರೆಯುವ ಸದ್ದು. ಎಲ್ಲೂ ಏರಿಳಿತವಾಗದಂತೆ, ಎಲ್ಲೂ ಕಾಯದಂತೆ ಎಚ್ಚರದಿಂದ ಹೇಳುತ್ತಿದ್ದ. ಹೆಲ್ಮೆಟ್ಟು ಹಾಕಿಕೊಳ್ಳಲು ಅವನಿಗೆ ಬರಲಿಲ್ಲ, ನಾನೇ ಹಾಕಿ ಪಟ್ಟಿ ಕಟ್ಟಿದೆ ಎಂದ. ಆಗ ನನ್ನ ಮುಖ ನೋಡಿ ಕೇಳಿದ, ಕೋಚ್, ನಾನು ಯಾರ ಕಡೆ ಅಂತ. ಹೆದರಿದ್ದ. ಹೆದರಿದ್ದಾನೆ ಅಂತ ನನಗೆ ಗೊತ್ತಾಯ್ತು. ನಾನು ಅಂದೆ, “ಗೆಲ್ಲೋರ ಕಡೆ ಕಣೋ, ನಡಿ ಒಳಗೆ.”

ಎಷ್ಟು ಎಚ್ಚರವಿದ್ದರೂ ನಾಲಗೆ ಅಲ್ಲಿ ನಿಂತಿತು. ಮೂವತ್ತನಾಲ್ಕು ವರ್ಷದ ರೂಢಿ. ನಗು ಬರುವಷ್ಟು ಜಾಗ ಬಿಟ್ಟು, ಕಾಯಿತು. ಜೊಲೀನ್ ಫಿಲ್ಮನ್ನು ಬೆಳಕಿಗೆ ಹಿಡಿದ ಕೈ ಇಳಿಸಿರಲಿಲ್ಲ. ಮಾರ್ಲಿಸ್ ಎರಡೂ ಕೈಯಲ್ಲಿ ಖಾಲಿ ಡಬ್ಬಿ ಹಿಡಿದು ನಿಂತಿದ್ದಳು. ಎಲ್ಲೋ ಒಂದು ಗಾಡಿಯ ಚಕ್ರ ಕಿರುಗುಟ್ಟುತ್ತಾ ಪಡಸಾಲೆ ದಾಟಿಹೋಯಿತು. ಆಗ ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಸರಿಯಾಗಿ ಆ ಜಾಗಕ್ಕೆ, ಒಂದು ಉಸಿರೂ ತಡವಾಗದಂತೆ, ಡ್ವೈಟ್ ಸೆಡ್ಲಾಕ್ ನಗತೊಡಗಿದ: ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು, ಸ್ಪಂಜಿನ ಹೆಲ್ಮೆಟ್ಟು ಗೋಡೆಗೆ ಬಡಿಯುವ ಹಾಗೆ ಹಿಂದಕ್ಕೆ ವಾಲಿ, ಇಡೀ ಊರು ನಗುತ್ತಿದ್ದಷ್ಟು ಜೋರಾಗಿ, ಒಬ್ಬನೇ.